ಕೀಲವ್ವನ ಗುಡ್ಡ

ತುಕ್ಕಿನಹಾಳಿನಿಂದ ಪಡುವಣಕ್ಕೆ ನಡೆದರೆ, ಜಾಲಿಗಿಡಗಳು ಮುಗಿದ ಮೇಲೆ ಕೆಂಪಗೆ ಬೋಳಾಗಿ ನಿಂತಿರುವುದೇ ಕೀಲವ್ವನ ಗುಡ್ಡ. ಅರ್ಧ ಹತ್ತಿದರೆ ಬಂಡೆಯ ನಡುವೆ ಒಂದು ದೊಣೆ ಸಿಗುತ್ತದೆ. ಬೇಸಿಗೆಯಲ್ಲೂ ಅದರ ನೀರು ಬತ್ತಿದ್ದನ್ನು ನಾನು ಕಾಣೆ. ಬಾಯಿಗಿಟ್ಟರೆ ಕಬ್ಬಿಣದ ರುಚಿ. ದೊಣೆಯ ದಡದಿಂದ ಕೆಳಕ್ಕೆ ಆಳೆತ್ತರದ ಕಲ್ಲುಗಳು ಒಂದರ ಹಿಂದೆ ಒಂದು, ದಿಬ್ಬಣ ನಡುದಾರಿಯಲ್ಲಿ ನಿಂತ ಹಾಗೆ. ಹೊಸಬರು ಬರೀ ಕಲ್ಲು ಎನ್ನುತ್ತಾರೆ. ನಮ್ಮತ್ತೆ ಮಾತ್ರ ಅಲ್ಲಿಗೆ ಹೋದಾಗ ದನಿ ತಗ್ಗಿಸಿ, "ಇವರೆಲ್ಲ ನಡೆದಾಡಿದವರು, ಯವ್ವಾ" ಎನ್ನುತ್ತಿದ್ದರು.

ಹಿಂದೆ ಒಮ್ಮೆ, ಈ ಸೀಮೆಯಲ್ಲಿ ಮನುಷ್ಯರ ಒಲೆ ಹೊತ್ತುವುದಕ್ಕೂ ಮುಂಚೆ, ಗುಡ್ಡದ ಬುಡದಲ್ಲಿ ಕೀಲುಜನರ ಪಟ್ಟಣವಿತ್ತಂತೆ. ಮೈಯೆಲ್ಲ ಲೋಹ, ಎದೆಯೊಳಗೆ ಸುರುಳಿ, ಬೆನ್ನಿನಲ್ಲಿ ಕೀಲಿಯ ತೂತು. ಗೋಡೆಯ ಗಡಿಯಾರಕ್ಕೆ ಕೊಡುತ್ತೇವಲ್ಲ, ಹಾಗೆ ದಿನಾ ಬೆಳಿಗ್ಗೆ ಕೀಲಿ ಕೊಟ್ಟರೆ ಮರುದಿನ ಹೊತ್ತೇರುವವರೆಗೆ ಅವರಿಗೆ ಜೀವ. ಅವರನ್ನು ಮಾಡಿದವನು ಯಾರೋ, ಬುದ್ಧಿವಂತ. ತಮ್ಮ ಬೆನ್ನು ತಮಗೆ ಎಟುಕದಂತೆ ಮಾಡಿದ್ದ. ಒಬ್ಬರಿಗೊಬ್ಬರು ಬೇಕಾಗಲಿ ಎಂದು ಅವನ ಎಣಿಕೆ. ಇವರೋ ಅದರಲ್ಲೇ ಮೇಲುಕೀಳು ಹುಟ್ಟಿಸಿಕೊಂಡರು. ಕಂಚಿನವರು ಮೇಲೆ, ತಾಮ್ರದವರು ನಡುವೆ, ಕಬ್ಬಿಣದವರು ಕೆಳಗೆ. ಕೆಳಗಿನವರು ಮೇಲಿನವರಿಗೆ ಕೀಲಿ ಕೊಡಬೇಕು. ಮೇಲಿನವರು ಕೆಳಗಿನವರ ಬೆನ್ನು ಮುಟ್ಟಿದರೆ ಮೈಲಿಗೆ. ಅರಸನಿಗೆ ಕೀಲಿ ಕೊಡುವ ಮೊದಲು ಊರಲ್ಲಿ ಯಾರಿಗೂ ಕೊಡುವಂತಿಲ್ಲ. ಅರಸನಿಗಿಂತ ಬೇಗ ನಡೆಯುವಂತೆಯೂ ಇಲ್ಲ. ಇದು ಅವರ ಕಟ್ಟಳೆ.

ಅರಸ ಕಂಚರಾಯನಿಗೆ ಕೀಲಿ ಕೊಡುವ ಕೆಲಸ ಕಬ್ಬಿಣದ ಹೆಂಗಸು ಕೀಲವ್ವನದು. ಅವಳಿಗೆ ಗಿಲಕಿ ಎಂಬ ಮಗಳು. ಪುಟ್ಟ ಮೈ, ಪುಟ್ಟ ಸುರುಳಿ, ಬೇಗ ಸಡಿಲುತ್ತಿತ್ತು. ಒಂದು ಬೆಳಿಗ್ಗೆ ಕೀಲವ್ವ ಅರಮನೆಗೆ ಹೊರಟಾಗ ಕೂಸು ಹಿಂದಿನಿಂದ, "ಅವ್ವಾ, ಕಾಲು ಏಳವಲ್ಲವು" ಎಂದಿತು. ಯಾವ ತಾಯಿ ದಾಟಿ ಹೋದಾಳು? ಬಾಗಿ ಒಂದು ಸುತ್ತು ಕೊಟ್ಟಳು. ಸುದ್ದಿ ಅವಳಿಗಿಂತ ಮೊದಲು ಅರಮನೆ ಮುಟ್ಟಿತು.

"ನನಗಿಂತ ಮೊದಲು ನಿನ್ನ ತಗಡಿನ ಕೂಸೇನೇ?" ಎಂದ ಕಂಚರಾಯ.

"ಸಣ್ಣದು, ಒಡೆಯಾ. ತಪ್ಪು ನನ್ನದು, ನನ್ನ ಕೀಲಿ ಕಿತ್ತುಕೊಳ್ಳಿ."

"ನಿನ್ನದು ಕಿತ್ತರೆ ನನ್ನ ಬೆನ್ನಿಗೆ ಯಾರು, ನಿಮ್ಮಪ್ಪ ಬರುತ್ತಾನೇನು?"

ಗಿಲಕಿಯನ್ನು ದೊಣೆಯ ದಡದಲ್ಲಿ ನಿಲ್ಲಿಸಿ, ಅವಳ ಕೀಲಿಯನ್ನು ತಾಯಿಯ ಕೈಯಿಂದಲೇ ನೀರಿಗೆ ಹಾಕಿಸಿದ. ಒಬ್ಬರ ಕೀಲಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಕೂಸು ಅವ್ವನ ಕಡೆ ಬರುತ್ತಿದ್ದಂತೆ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು.

ಕೀಲವ್ವ ಅಳಲಿಲ್ಲ. ಕಬ್ಬಿಣದವರು ಅತ್ತರೆ ತುಕ್ಕು. ಮರುದಿನವೂ ಹೊತ್ತಿಗೆ ಸರಿಯಾಗಿ ಹೋಗಿ ಅರಸನಿಗೆ ಕೀಲಿ ಕೊಟ್ಟಳು, ಆದರೆ ನಿನ್ನೆಗಿಂತ ಕೂದಲೆಳೆಯಷ್ಟು ಕಡಿಮೆ. ಅದರ ಮರುದಿನ ಇನ್ನೊಂದು ಎಳೆ ಕಡಿಮೆ. ಜನ್ಮದಲ್ಲಿ ಒಬ್ಬರಿಗೂ ಕೀಲಿ ಕೊಟ್ಟು ಗೊತ್ತಿಲ್ಲದ ಅರಸನಿಗೆ ಸುರುಳಿ ಎಲ್ಲಿಗೆ ತುಂಬುತ್ತದೆ ಎಂಬುದೇ ತಿಳಿಯದು. ಅವನು ನಿಧಾನವಾದ. ಅವನಿಗಿಂತ ಬೇಗ ನಡೆಯಬಾರದಲ್ಲ, ಕಂಚಿನವರು ನಿಧಾನವಾದರು, ತಾಮ್ರದವರು ನಿಧಾನವಾದರು, ಪಟ್ಟಣವೇ ತೆವಳಿತು. ಹೇಳುವ ಗುಂಡಿಗೆ ಯಾರಿಗಿತ್ತು? "ಪ್ರಭುಗಳ ನಡಿಗೆಗೆ ಈಗ ಆನೆಯ ಗಾಂಭೀರ್ಯ" ಎಂದು ಮಂತ್ರಿ ಎಳೆದೆಳೆದು ಹೊಗಳಿದ. ಅರಸ ಹಿಗ್ಗಿದ. ಈ ಗುಡ್ಡಕ್ಕೆ ತನ್ನ ಹೆಸರಿಡಬೇಕೆಂದು ಮೆರವಣಿಗೆ ಹೊರಡಿಸಿದ.

ಆ ಬೆಳಿಗ್ಗೆ ಕೀಲವ್ವ ಅರ್ಧ ಗುಡ್ಡಕ್ಕೆ ಸಾಕಾಗುವಷ್ಟೇ ಕೊಟ್ಟಿದ್ದಳು. ಬೇರೆಯವರಿಗೆ, ಅರಸನ ಅವಸರದಲ್ಲಿ, ಅಂದಿನ ಕೀಲಿಯೇ ಬಿದ್ದಿರಲಿಲ್ಲ. ದೊಣೆಯ ದಡದಲ್ಲಿ, ಗಿಲಕಿಯ ಎದುರಿಗೇ, ಅರಸನ ಕಾಲು ನಿಂತಿತು.

"ಕೀಲಿ ಕೊಡೇ!"

"ನನ್ನ ಮಗಳದು ಒಂದು ಹೆಜ್ಜೆ ಉಳಿದಿದೆ, ಒಡೆಯಾ. ಅವಳು ಇಡಲಿ, ಆಮೇಲೆ ನೀವು."

"ನಿನ್ನ ಕುಲವನ್ನೇ ಕುಲುಮೆಗೆ ಹಾಕಿಸುತ್ತೇನೆ!"

"ಕೈ ನಿಮ್ಮದೇ, ಬೆನ್ನು ನಿಮ್ಮದೇ. ಕೊಟ್ಟುಕೊಳ್ಳಿ" ಎಂದು ಕೀಲಿಯನ್ನು ಅವನ ಅಂಗೈಯಲ್ಲೇ ಇಟ್ಟಳು.

ಅರಸ ಕೈ ಹಿಂದಕ್ಕೆ ತಿರುಚಿದ. ಎಟುಕಲಿಲ್ಲ. ಇನ್ನಷ್ಟು ತಿರುಚಿದ. ಕೀಲಿ ಜಾರಿ, ಗಿಲಕಿಯ ಕೀಲಿ ಬಿದ್ದಲ್ಲಿಗೇ ಬಿತ್ತು. ಹಿಂದೆ ನಿನ್ನೆಯ ಕೀಲಿ ತೀರಿ ಕೈಕಾಲು ನಿಂತ ಕಂಚಿನವರೂ ತಾಮ್ರದವರೂ "ನಮಗಾದರೂ ಕೊಡಿರೋ" ಎಂದು ಕೂಗಿಕೊಂಡರು. ದಿನಾ ಕೊನೆಗೆ ಕೀಲಿ ಬೀಳುತ್ತಿದ್ದ ಕಬ್ಬಿಣದವರಲ್ಲಿ ಇನ್ನೂ ಸ್ವಲ್ಪ ಸುರುಳಿ ಉಳಿದಿತ್ತು. ಅವರು ಬಲು ವಿನಯದಿಂದ ಕೈಮುಗಿದರು: "ಅರಸರಿಗಿಂತ ಮೊದಲು ನಿಮಗೇ? ಕಟ್ಟಳೆ ಮುರಿಯಲಾದೀತೇ ಬುದ್ಧೀ?" ಆಮೇಲೆ ತಮ್ಮತಮ್ಮೊಳಗೆ ಕೀಲಿ ಕೊಟ್ಟುಕೊಂಡು ಗುಡ್ಡ ಇಳಿದು ಹೋದರು. ಕೀಲವ್ವನನ್ನೂ ಕರೆದರು. "ನನ್ನ ನಡಿಗೆ ಇಲ್ಲಿಗೇ" ಎಂದು ಅವಳು ಮಗಳ ಬೆನ್ನ ಮೇಲೆ ಕೈಯಿಟ್ಟು ಕೂತಳಂತೆ. ಮಳೆ ಬಿತ್ತು, ಕಬ್ಬಿಣಕ್ಕೆ ತುಕ್ಕು, ಕಂಚು ತಾಮ್ರಕ್ಕೆ ಕಿಲುಬು ಹಿಡಿಯಿತು, ಮಣ್ಣು ಮೆತ್ತಿ ಎಲ್ಲ ಕಲ್ಲಾಯಿತು. ಅರಸ ಇಡಲು ಬಂದ ಹೆಸರು ಅವನ ಬಾಯಲ್ಲೇ ಉಳಿಯಿತು, ಗುಡ್ಡ ಕೀಲವ್ವನದಾಯಿತು.

ಈಗಲೂ ನಡೆಯಲು ತಡವಾದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ದೊಣೆಗೆ ಹೋಗುತ್ತಾರೆ. ಒಂದು ಕಾಲೆತ್ತಿ ನಿಂತ ಸಣ್ಣ ಕಲ್ಲಿನ ಬೆನ್ನು ಸವರಿ, ಅದೇ ಕೈಯಿಂದ ಮಗುವಿನ ಬೆನ್ನು ಸವರುತ್ತಾರೆ. ಎಷ್ಟೋ ತಲೆಮಾರಿನ ತಾಯಂದಿರ ಕೈ ತಾಗಿ ಆ ಕಲ್ಲು ಕನ್ನಡಿಯಾಗಿದೆ. ಅದರ ಎದುರಿಗೇ ಕೈ ಹಿಂದಕ್ಕೆ ತಿರುಚಿಕೊಂಡ ದೊಡ್ಡ ಕಲ್ಲಿದೆ. ಅಂಗೈಗೂ ಬೆನ್ನಿಗೂ ನಡುವೆ ಗೇಣಷ್ಟೇ ಅಂತರ. ಬೆನ್ನಿನ ತುಂಬ ಕಲ್ಲುಹೂವು. ಹೋದರೆ ನೋಡಿ ಬನ್ನಿ. ಅದನ್ನು ಮಾತ್ರ ಮುಟ್ಟಬೇಡಿ.