ಟಿಟ್ಟಿಭ ಮರ ಬಿಟ್ಟು ನೆಲಕ್ಕಿಳಿದದ್ದು

ಜಗತ್ತಿನ ಮಣ್ಣು ಇನ್ನೂ ಹಸಿಯಾಗಿತ್ತು. ಬೆಟ್ಟದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಅಷ್ಟು ಹಿಂದಿನ ಮಾತು ಇದು, ಮಗು.

ಆಗ ಯಾರಿಗೂ ಎಲ್ಲ ಗೊತ್ತಿರಲಿಲ್ಲ. ಗೀಜಗಕ್ಕೆ ಗೂಡು ನೇಯುವುದು ಗೊತ್ತಿತ್ತು, ಮಳೆ ಯಾವಾಗ ಬರುತ್ತದೆಂದು ಗೊತ್ತಿರಲಿಲ್ಲ. ಕಪ್ಪೆಗೆ ಮಳೆ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ಇರುವೆಗೆ ದಾರಿ ಗೊತ್ತಿತ್ತು, ಈಜು ಗೊತ್ತಿರಲಿಲ್ಲ.

ಅದಕ್ಕೇ ಎಲ್ಲರೂ ಕೆರೆಯ ದಂಡೆಯಲ್ಲಿ ಸೇರುತ್ತಿದ್ದರು. ಅಲ್ಲಿ ಒಂದು ದೊಡ್ಡ ಅತ್ತಿಮರ. ಮರದ ಕೆಳಗೆ ನೆಲ. ಗೋಡೆಯಿಲ್ಲ, ಬಾಗಿಲಿಲ್ಲ. ಬೆಳಿಗ್ಗೆ ಗೀಜಗ ನೇಯ್ಗೆ ಕಲಿಸುತ್ತಿತ್ತು. ಬಿಸಿಲೇರಿದ ಮೇಲೆ ಸಗಣಿಹುಳು ಬರುತ್ತಿದ್ದ. ಸಗಣಿಯನ್ನು ಉಂಡೆ ಕಟ್ಟಿ, ಉರುಳಿಸಿ, ಮಣ್ಣಲ್ಲಿ ಹೂತರೆ ನೆಲ ಹೇಗೆ ಮೈದುಂಬುತ್ತದೆ ಎಂದು ತೋರಿಸುತ್ತಿದ್ದ. ಸಂಜೆ ಕಪ್ಪೆ, ಗಾಳಿಯ ವಾಸನೆ ಹಿಡಿಯುವ ಪಾಠ ಹೇಳುತ್ತಿತ್ತು. ಯಾರು ಬೇಕಾದರೂ ಬರಬಹುದು, ಎಲ್ಲಿ ಬೇಕಾದರೂ ಕೂರಬಹುದು. ಆನೆ ಹಿಂದೆ ಕೂರಬೇಕು ಅನ್ನುವುದೊಂದು ಬಿಟ್ಟರೆ ಜಾಗದ ಜಗಳವೇ ಇರಲಿಲ್ಲ.

ಕಟ್ಟಳೆ ಇದ್ದದ್ದು ಒಂದೇ. ಒಂದು ಕಲಿತವರು ಒಂದು ಕಲಿಸಬೇಕು.

ಪಾಠಕ್ಕೆ ಎಲ್ಲರನ್ನೂ ಕರೆಯುವ ಕೆಲಸ ಟಿಟ್ಟಿಭ ಹಕ್ಕಿಯದ್ದು. ಅವಳ ಗಂಟಲು ದೊಡ್ಡದು. "ಬನ್ನಿ, ಬನ್ನಿ, ಕೆರೆಗೆ ಬನ್ನಿ!" ಎಂದು ಹೊಲದ ಮೇಲೆ, ಗುಡ್ಡದ ಮೇಲೆ, ಹಳ್ಳದ ಮೇಲೆ ಕೂಗುತ್ತಾ ಹಾರುತ್ತಿದ್ದಳು. ಈ ಕೆಲಸಕ್ಕೆಂದು ಅತ್ತಿಮರದಲ್ಲಿ ಒಳ್ಳೆಯ ಕೊಂಬೆಯೊಂದನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ನೆರಳು ಬೇಕಾದಷ್ಟು. ಗಾಳಿ ಬೇಕಾದಷ್ಟು. ಆಗ ಅವಳ ಮೊಟ್ಟೆ ಹತ್ತಿಯ ಹಾಗೆ ಬೆಳ್ಳಗಿರುತ್ತಿತ್ತು.

ಮನುಷ್ಯರು ಇನ್ನೂ ಹೊಸಬರು. ಅವರಲ್ಲಿ ಮಾಳವ್ವ ಎಂಬುವಳು ದಂಡೆಗೆ ಬಂದು, ಕಣಜದ ಹುಳುವಿನ ಮುಂದೆ ಕೂತು, ಮಣ್ಣು ಮೆತ್ತಿ ಗಡಿಗೆ ಮಾಡುವುದನ್ನು ಕಲಿತಳು. ಕಣಜ ಕಟ್ಟುವ ಗೂಡು ನೋಡಿದ್ದೀಯಲ್ಲ, ಪುಟಾಣಿ ಗಡಿಗೆಯ ಹಾಗೆ? ಅದೇ ಅವಳ ಮೊದಲ ಪಾಠ.

"ಈಗ ನೀನು ಕಲಿಸಬೇಕು, ಮಾಳವ್ವ," ಅಂತು ಕಣಜ.

ಮಾಳವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯೋ, ನಂಗೇನ್ ಗೊತ್ತು? ನಾನು ಮಣ್ಣು ಮೆತ್ತೋಳು. ಇಷ್ಟು ಜನರ ಮುಂದೆ ನಾನೇನ್ ಹೇಳ್ಲಿ? ನಾಳೆ ಬತ್ತೀನಿ ಬಿಡಿ."

ನಾಳೆ ನಾಳೆ ಎನ್ನುತ್ತಾ ಮಳೆಗಾಲ ಕಳೆಯಿತು. ಬೇಸಿಗೆ ಬಂತು. ಮಾಳವ್ವ ತನಗೇನೂ ಗೊತ್ತಿಲ್ಲವೆಂದೇ ನಂಬಿದ್ದಳು. ಹಾಗೆ ನಂಬಿಸುವವರು ಆಗಲೂ ಇದ್ದರು.

ಕೆರೆಯಲ್ಲಿ ಒಂದು ಹೆಜ್ಜಾರ್ಲೆ ಹಕ್ಕಿ ಇತ್ತು. ಕೊಕ್ಕಿನ ಕೆಳಗೆ ದೊಡ್ಡ ಚೀಲ, ಚೀಲದ ತುಂಬ ಮಾತು. ದಂಡೆಯನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದು ಅವನು ತಾನೇ ಯಜಮಾನನಾದ. ಬೇಡವೆಂದು ಯಾರೂ ಹೇಳಲಿಲ್ಲ. ತಪ್ಪು ಅಲ್ಲೇ ಆಯಿತು.

"ನೋಡಿ," ಅಂದ ಹೆಜ್ಜಾರ್ಲೆ, "ಜನ ಜಾಸ್ತಿಯಾದರು. ಜೊಂಡು ತುಳಿದು ಹಾಳಾಗ್ತಿದೆ. ಕೆರೆ ಉಳೀಬೇಕು ತಾನೆ? ಸುತ್ತ ಒಂದು ಬೇಲಿ ಇರಲಿ. ಶುಚಿಯಾಗಿರೋರು ಬರಲಿ."

ಜೊಂಡು ತುಳಿದದ್ದು ನಿಜ. ಅದಕ್ಕೇ ಎಲ್ಲರೂ ತಲೆದೂಗಿದರು. ಒಂದು ನಿಜದ ಹಿಂದೆ ಎಷ್ಟು ಬೇಕಾದರೂ ಮುಳ್ಳು ಬಚ್ಚಿಡಬಹುದು, ಮಗು. ಮೂರು ದಿನದಲ್ಲಿ ಕೆರೆಯ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತು. ಒಂದು ಕಿಂಡಿ ಬಿಟ್ಟು, ಅಲ್ಲಿ ಮುಂಗುಸಿಯನ್ನು ಕಾವಲಿಗೆ ನಿಲ್ಲಿಸಿದರು.

ಟಿಟ್ಟಿಭ ಆ ಹೊತ್ತಿಗೆ ದೂರದ ಗುಡ್ಡಗಳ ಮೇಲೆ ಕೂಗುತ್ತಿದ್ದಳು. ವಾಪಸು ಬಂದಾಗ ಅವಳ ಕರೆ ಕೇಳಿ ಬಂದಿದ್ದ ಸಗಣಿಹುಳು ಕಿಂಡಿಯ ಮುಂದೆ ನಿಂತಿದ್ದ.

"ಏನಿದು ಉಂಡೆ?" ಎಂದು ಮುಂಗುಸಿ ಕೇಳುತ್ತಿತ್ತು.

"ಸಗಣಿ ಕಣಪ್ಪ. ಇವತ್ತು ನಂದೇ ಪಾಠ."

"ಉಂಡೆ ಹೊರಗಿಟ್ಟು ಬಾ."

"ಉಂಡೆ ಬಿಟ್ಟು ಏನ್ ಪಾಠ ಮಾಡ್ಲಿ? ನನ್ನ ಮೂತಿ ತೋರಿಸ್ಲಾ?"

"ಹಾಗಾದ್ರೆ ನೀನೂ ಹೊರಗೇ ಇರು."

ಸಗಣಿಹುಳು ತಲೆಯೆತ್ತಿ ಮರದ ಮೇಲೆ ಕೂತ ಟಿಟ್ಟಿಭವನ್ನು ನೋಡಿದ. "ಅಕ್ಕಾ, ನೀನೇ ಕರೆದೆಯಲ್ಲಕ್ಕಾ?"

ಟಿಟ್ಟಿಭಕ್ಕೆ ಮೊಟ್ಟೆಯಿಡುವ ದಿನ ಹತ್ತಿರವಿತ್ತು. ಗೂಡು ಸಿದ್ಧವಿತ್ತು. ನನಗ್ಯಾಕೆ ಊರ ಗೊಡವೆ, ನನ್ನ ಮಕ್ಕಳಿಗೆ ನೆರಳು ಬೇಕು ಎಂದುಕೊಂಡು ಕಣ್ಣು ಬೇರೆ ಕಡೆ ತಿರುಗಿಸಿದಳು. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ. ಅವಳೂ ಒಂದು ದಿನ ಸುಮ್ಮನಿದ್ದಳು.

ಮಾರನೆಯ ದಿನ ಮಾಳವ್ವ ಬಂದಳು. ರಾತ್ರಿಯೆಲ್ಲ ಯೋಚಿಸಿ, ಹೇಗೋ ಧೈರ್ಯ ಮಾಡಿ, ಇವತ್ತು ಏನಾದರೂ ಹೇಳಿಯೇ ಬಿಡುತ್ತೇನೆ ಎಂದುಕೊಂಡು ಬಂದಿದ್ದಳು. ಬೆಳಿಗ್ಗೆ ಮಣ್ಣು ತುಳಿದಿದ್ದರಿಂದ ಮೊಣಕೈವರೆಗೆ ಕೆಸರು.

"ಕೈ ತೊಳ್ಕೊಂಡು ಬಾ," ಅಂತು ಮುಂಗುಸಿ.

"ಆಗ್ಲಿ. ನೀರೆಲ್ಲಿ?"

"ಒಳಗೆ. ಕೆರೇಲಿ."

"ಹಂಗಾದ್ರೆ ಒಳಗ್ ಬಿಡಪ್ಪ, ತೊಳ್ಕೊತೀನಿ."

"ತೊಳ್ಕೊಂಡಿರೋರನ್ನ ಮಾತ್ರ ಒಳಗೆ ಬಿಡೋದು."

ಮಾಳವ್ವ ತನ್ನ ಕೈ ನೋಡಿಕೊಂಡಳು. ಮುಂಗುಸಿಯನ್ನು ನೋಡಿದಳು. ಬೇಲಿಯಾಚೆ ಹೊಳೆಯುವ ನೀರನ್ನು ನೋಡಿದಳು. ತಿರುಗಿ ಹೊರಟಳು. ಅವಳ ಬೆನ್ನು ಅಷ್ಟು ಬಾಗಿದ್ದನ್ನು ಟಿಟ್ಟಿಭ ಹಿಂದೆಂದೂ ಕಂಡಿರಲಿಲ್ಲ.

ಆಗ ಟಿಟ್ಟಿಭ ಕೊಂಬೆಯಿಂದ ಹಾರಿದಳು. ಅವಳು ನೇರ ಹೆಜ್ಜಾರ್ಲೆಯ ಮುಂದೆ ಹೋಗಿ ಇಳಿದಳು.

"ಯಾರದ್ದು ಈ ಕೆರೆ?" ಎಂದು ಕೇಳಿದಳು.

"ಅಲ್ಲ ಕಣಮ್ಮ," ಅಂದ ಹೆಜ್ಜಾರ್ಲೆ, ಮೆಲ್ಲಗೆ, ನಯವಾಗಿ. "ನೀನು ಹಾರಿ ಬರ್ತೀಯ, ಹಾರಿ ಹೋಗ್ತೀಯ. ನಿನ್ನನ್ನ ಯಾರು ತಡೆದ್ರು? ನಿನಗೇನು ತೊಂದರೆ?"

"ಅದೇ ತೊಂದರೆ. ನನಗೆ ರೆಕ್ಕೆ ಇದೆ ಅಂತ ಬೇಲಿ ಮುಳ್ಳು ಚುಚ್ಚೋದಿಲ್ವಾ? ನಾನು ಎಲ್ಲರನ್ನೂ ಬನ್ನಿ ಅಂತ ಕರೀತೀನಿ. ನೀನು ಹೋಗಿ ಅಂತೀಯ. ನನ್ನ ಬಾಯಿಗೆ ಮರ್ಯಾದೆ ಏನು ಉಳೀತು?"

"ಸುಮ್ಮನೆ ಗೂಡಿನಲ್ಲಿ ಕೂತ್ಕೋ. ಕೆಳಗಿಳಿದು ಗಲಾಟೆ ಮಾಡಿದ್ರೆ ಆ ಕೊಂಬೆ ನಿನಗಿಲ್ಲ. ಕೊಂಬೆ ಬೇಕಾ, ಬಾಯಿ ಬೇಕಾ?"

ಟಿಟ್ಟಿಭ ಒಮ್ಮೆ ಗೂಡಿನ ಕಡೆ ನೋಡಿದಳು. ನಿಜ ಹೇಳಬೇಕೆಂದರೆ ಎರಡು ಸಲ ನೋಡಿದಳು.

ಆಮೇಲೆ ಬೇಲಿಯ ಹೊರಗೆ, ಕಿಂಡಿಗೆ ಹೋಗುವ ದಾರಿಯ ಪಕ್ಕದಲ್ಲೇ, ಬರೀ ಗರಸುಗಲ್ಲಿನ ನೆಲದ ಮೇಲೆ ಇಳಿದಳು. ಹುಲ್ಲಿಲ್ಲ, ಕಡ್ಡಿಯಿಲ್ಲ, ನೆರಳಿಲ್ಲ. ಎದೆಯಿಂದ ಕಲ್ಲು ಸರಿಸಿ ಸಣ್ಣ ತಗ್ಗು ಮಾಡಿ, ನಾಲ್ಕು ಮೊಟ್ಟೆ ಇಟ್ಟಳು. ಕಿಂಡಿಯ ಹತ್ತಿರ ಬಂದವರ ತಲೆಯ ಮೇಲೆಲ್ಲ ಹಾರಿ ಕೂಗಿದಳು. "ಯಾರ್ದೀ ಕೆರೆ? ಯಾರ್ದೀ ಕೆರೆ?"

ಒಳಗೆ ಹೋಗುವವರು ತಲೆ ತಗ್ಗಿಸಿ ಬೇಗ ಬೇಗ ಹೋದರು.

ಆದರೆ ಗರಸಿನ ಮೇಲೆ ಬಿಳಿ ಮೊಟ್ಟೆ! ಆಕಾಶದಲ್ಲಿ ಹದ್ದು ಒಂದು ಸುತ್ತು ಹಾಕಿತು. ಇನ್ನೊಂದು ಸುತ್ತು ಹಾಕಿತು. ಪ್ರತಿ ಸುತ್ತಿಗೂ ಅದರ ನೆರಳು ಹತ್ತಿರವಾಯಿತು. ಟಿಟ್ಟಿಭ ರೆಕ್ಕೆ ಬಿಚ್ಚಿ ಮೊಟ್ಟೆ ಮುಚ್ಚಿದಳು. ಕೂಗುವುದು ಬಿಟ್ಟು ಕಾಯುವುದೇ, ಕಾಯುವುದು ಬಿಟ್ಟು ಕೂಗುವುದೇ, ತಿಳಿಯಲಿಲ್ಲ.

ದೂರದ ಹಳ್ಳದ ಒರತೆಯಿಂದ ಗಡಿಗೆಯಲ್ಲಿ ನೀರು ಹೊತ್ತು ಮಾಳವ್ವ ಆ ದಾರಿಯಲ್ಲೇ ಬಂದಳು. ಕೆರೆ ಕಣ್ಣಮುಂದಿದ್ದರೂ ಅಷ್ಟು ದೂರ ಹೋಗಿ ಬರುತ್ತಿದ್ದಳು.

"ಇದೇನೇ ನಿನ್ನ ಅವತಾರ?" ಅಂದಳು. "ಮರ ಬಿಟ್ಟು ಬಂದ್ಯಾ? ಹುಚ್ಚಿ."

"ಬಂದೆ. ನಿನ್ನ ಬೆನ್ನು ನೋಡೋಕಾಗ್ಲಿಲ್ಲ."

ಮಾಳವ್ವ ಗಡಿಗೆ ಇಳಿಸಿ, ತನ್ನ ಕೆಸರು ಕೈಯಲ್ಲೇ ಒಂದು ಮೊಟ್ಟೆ ಎತ್ತಿಕೊಂಡಳು. ಹೊಸ ಗಡಿಗೆಗೆ ಕೆಮ್ಮಣ್ಣು ಬಳಿಯುವಂತೆ ಅದಕ್ಕೆ ತೆಳ್ಳಗೆ ಮಣ್ಣು ಬಳಿದಳು. ಗಡಿಗೆಯ ತಳಕ್ಕೆ ಅಂಟಿದ್ದ ಹಳ್ಳದ ಕರಿಮಣ್ಣನ್ನು ಬೆರಳ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಒತ್ತಿದಳು. ಒಂದು ಮೊಟ್ಟೆ, ಎರಡು, ಮೂರು, ನಾಲ್ಕು. ಕಲ್ಲುಗಳ ನಡುವೆ ಇಟ್ಟಾಗ ಯಾವುದು ಕಲ್ಲು, ಯಾವುದು ಮೊಟ್ಟೆ, ಇಟ್ಟವಳಿಗೇ ಗೊತ್ತಾಗಲಿಲ್ಲ. ಹದ್ದು ಇನ್ನೊಂದು ಸುತ್ತು ಹಾಕಿತು, ಹುಡುಕಿತು, ಬೇಜಾರಾಗಿ ಹೋಯಿತು.

ಮಧ್ಯಾಹ್ನವಾಯಿತು. ಗರಸು ಕಾದ ಹಂಚಿನಂತಾಯಿತು. ಟಿಟ್ಟಿಭ ಬಾಯಿ ತೆರೆದು ಏದುಸಿರು ಬಿಟ್ಟಳು. "ಮಾಳವ್ವ, ನನ್ನ ಮಕ್ಕಳು ಬೆಂದು ಹೋಗ್ತಾರೆ," ಅಂದಳು. ಅಷ್ಟು ದೊಡ್ಡ ಗಂಟಲು ಅವತ್ತು ಪಿಸುಗುಟ್ಟಿತು.

ಮಾಳವ್ವ ಗಡಿಗೆಯ ಕಡೆ ನೋಡಿದಳು. ಅದರ ಸುತ್ತ ಒದ್ದೆ ಬಟ್ಟೆ ಸುತ್ತಿದ್ದಳು. ಬಿಸಿಲಲ್ಲಿ ಅಷ್ಟು ದೂರ ಹೊತ್ತು ತಂದಿದ್ದರೂ ಒಳಗಿನ ನೀರು ತಣ್ಣಗಿತ್ತು. ದಿನಾ ಮಾಡುತ್ತಿದ್ದ ಕೆಲಸ. ಅದೊಂದು ವಿದ್ಯೆಯೆಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

"ತಡಿ," ಅಂದಳು. "ಒದ್ದೆ ಬಟ್ಟೆ ಸುತ್ತಿದ್ರೆ ಗಡಿಗೆ ಬಿಸಿಲಲ್ಲೂ ತಂಪು. ಗಾಳಿ ಬಂದು ಬಿಸಿ ಹೊತ್ಕೊಂಡು ಹೋಗ್ತದೆ. ನಿಂಗೆ ಬಟ್ಟೆ ಇಲ್ಲ, ಹೊಟ್ಟೆ ಮೇಲೆ ಪುಕ್ಕ ಇಲ್ವಾ? ನೆನೆಸ್ಕೊಂಡು ಬಂದು ಮೊಟ್ಟೆ ಮೇಲೆ ಕೂತ್ಕೋ. ಒಣಗಿದ್ರೆ ಮತ್ತೆ ಹೋಗು. ನೀ ಬರೋವರ್ಗೂ ನಾನು ಸೆರಗು ಹಿಡ್ಕೊಂಡು ನೆರಳಾಗ್ತೀನಿ."

ಟಿಟ್ಟಿಭ ಬೇಲಿಯ ಮೇಲಿಂದ ಹಾರಿದಳು. ಹೆಜ್ಜಾರ್ಲೆಯ ಕಣ್ಣೆದುರೇ ಕೆರೆಯಲ್ಲಿ ಹೊಟ್ಟೆ ಅದ್ದಿದಳು. ನೀರು ತೊಟ್ಟಿಕ್ಕಿಸುತ್ತಾ ವಾಪಸು ಬಂದು ಮೊಟ್ಟೆಯ ಮೇಲೆ ಕೂತಳು. ಮತ್ತೆ ಹೋದಳು. ಮತ್ತೆ ಬಂದಳು. ಮೊಟ್ಟೆಗಳು ತಣ್ಣಗಾದವು.

ಬೇಲಿಯ ಬುಡದಲ್ಲಿ ಉಂಡೆಗೊರಗಿ ಕೂತಿದ್ದ ಸಗಣಿಹುಳು ಎಲ್ಲವನ್ನೂ ನೋಡುತ್ತಿದ್ದ. "ಮಾಳವ್ವ," ಅಂದ, "ನಂಗೇನ್ ಗೊತ್ತು, ನಂಗೇನ್ ಗೊತ್ತು ಅಂತಿದ್ಯಲ್ಲ. ಇದೇನು ಮತ್ತೆ? ಪಾಠ ಅಲ್ದೆ ಪಾಯಸಾನಾ?"

ಮಾಳವ್ವ ಮೊದಲು ನಕ್ಕಳು. ಆಮೇಲೆ ಗರಸಿನ ಮೇಲೆ ಕೂತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಇನ್ನೂ ಗೊತ್ತು ನಂಗೆ," ಅಂದಳು. "ಕೂತ್ಕೊಳ್ಳಿ, ಹೇಳ್ತೀನಿ."

ಹೀಗೆ ಬೇಲಿಯ ಹೊರಗೆ ಪಾಠ ಶುರುವಾಯಿತು. ಕೆಸರು ಮೈಯವರು, ಕುಂಟುವವರು, ವಾಸನೆಯವರು, ಎಲ್ಲ ಬಂದರು.

ಬೇಲಿಯ ಒಳಗೆ? ಒಳಗೆ ಸಗಣಿ ಹೊರುವವರಿಲ್ಲ. ಶುಚಿಯವರೂ ಹೊಟ್ಟೆಗೆ ತಿನ್ನುತ್ತಾರೆ ತಾನೆ, ತಿಂದದ್ದು ಎಲ್ಲಿಗೆ ಹೋಗುತ್ತದೆ? ಎಂಟು ದಿನಕ್ಕೆ ನಾತ ಎದ್ದಿತು. ಹದಿನೈದು ದಿನಕ್ಕೆ ನೊಣ ಮುತ್ತಿದವು. ಶುಚಿಗೆಂದು ಕಟ್ಟಿದ ಬೇಲಿಯೊಳಗೆ ಉಸಿರು ಬಿಡಲೂ ಜಾಗವಿಲ್ಲ. ಗೀಜಗ ಮೊದಲು ಹೊರಗೆ ಬಂತು, ಆಮೇಲೆ ಕಪ್ಪೆ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕೊನೆಗೆ ಮುಂಗುಸಿಯೂ ಬಂದು, "ಜಾಗ ಇದೆಯಾ?" ಎಂದು ಕೇಳಿತು.

"ಕೈ ತೊಳೆದಿದ್ದೀಯಾ?" ಅಂದ ಸಗಣಿಹುಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕು, ಸರಿದು, ಜಾಗ ಕೊಟ್ಟರು.

ಅವತ್ತೇ ಎಲ್ಲರೂ ಸೇರಿ ಮುಳ್ಳು ಕಿತ್ತರು. ಜೊಂಡು ತುಳಿಯಬಾರದು ಎಂದು ನಡೆಯಲು ಒಂದು ಕಾಲುದಾರಿ ಮಾಡಿದರು. ಅಷ್ಟೇ ಸಾಕಿತ್ತು, ಮೊದಲೇ ಅಷ್ಟೇ ಸಾಕಿತ್ತು. ಹೆಜ್ಜಾರ್ಲೆ ಕೆರೆಯ ನಡುವೆ ಹೋಗಿ ಮುಖ ತಿರುಗಿಸಿಕೊಂಡು ತೇಲಿದ. ಇಂದಿಗೂ ಅವನು ದಂಡೆಗೆ ಬಂದು ಮಾತಾಡಿಸುವುದು ಕಡಿಮೆ.

"ನಿನ್ನ ಕೊಂಬೆಗೆ ಹೋಗಕ್ಕ," ಎಂದು ಎಲ್ಲರೂ ಟಿಟ್ಟಿಭಕ್ಕೆ ಹೇಳಿದರು.

"ಬೇಡ," ಅಂದಳು ಅವಳು. "ಅಲ್ಲಿ ಕೂತಾಗ ಈ ಸಗಣಿಹುಳು ಅಕ್ಕಾ ಅಂದ, ನಾನು ಕಣ್ಣು ತಿರುಗಿಸಿದೆ. ಮತ್ತೆ ಹಾಗಾಗೋದು ಬೇಡ. ನೆಲದಲ್ಲೇ ಇರ್ತೀನಿ. ಇನ್ನೊಂದು ಬೇಲಿ ಬಂದ್ರೆ ಮೊದಲು ನನ್ನ ಕಾಲಿಗೇ ಚುಚ್ಚಲಿ."

ಬೇಲಿಗಳು ಬಂದವು, ಮಗು. ಒಂದಲ್ಲ, ನೂರು. ಅವಳು ಒಮ್ಮೆಯೂ ಸುಮ್ಮನಿರಲಿಲ್ಲ.

ಅದಕ್ಕೇ ನಮ್ಮ ಕೆರೆಯ ನಿಸರ್ಗ ಕೇಂದ್ರಕ್ಕೆ ಇವತ್ತಿಗೂ ಗೇಟಿಲ್ಲ. ಭಾನುವಾರ ಬೆಳಿಗ್ಗೆ ಹಕ್ಕಿ ನೋಡುವ ನಡಿಗೆಗೆ ಬರುವವರ ಚಪ್ಪಲಿ ಯಾರೂ ನೋಡುವುದಿಲ್ಲ. ಮಡಕೆ ಮಾಡುವ ಅಜ್ಜಿ, ಮೀನು ಹಿಡಿಯುವ ಅಣ್ಣ, ದನ ಮೇಯಿಸುವ ತಾತ, ಎಲ್ಲರೂ ಅಲ್ಲಿ ಮೇಷ್ಟ್ರು. ನೀನೂ ಒಂದು ಕಲಿತರೆ ಒಂದು ಕಲಿಸಿ ಬರಬೇಕು. ನಂಗೇನೂ ಗೊತ್ತಿಲ್ಲ ಅನ್ನಬೇಡ, ನಾನು ಒಪ್ಪುವುದಿಲ್ಲ.

ಅಲ್ಲಿ ಉದ್ದ ಹಳದಿ ಕಾಲಿನ ಹಕ್ಕಿಯೊಂದು ಕಲ್ಲುಗಳ ನಡುವಿನಿಂದ ಎದ್ದು ನಿನ್ನ ತಲೆಯ ಮೇಲೆ ಕೂಗಿದರೆ ಹೆದರಬೇಡ, ನಿಂತು ನಿನ್ನ ಕಾಲ ಕೆಳಗೆ ನೋಡು: ಮಾಳವ್ವನ ಬೆರಳಿನ ಚುಕ್ಕೆಯಿರುವ ನಾಲ್ಕು ಮೊಟ್ಟೆಗಳಿರುತ್ತವೆ, ಬಿಸಿಲೇರಿದ್ದರೆ ಅವಳ ಹೊಟ್ಟೆಯಿಂದ ಕೆರೆಯ ನೀರು ತೊಟ್ಟಿಕ್ಕುತ್ತಿರುತ್ತದೆ, ಮತ್ತು ಆ ಹಕ್ಕಿ ಎಂದಿಗೂ ಮರದ ಮೇಲೆ ಕೂರದೆ "ಯಾರ್ದೀ ಕೆರೆ? ಯಾರ್ದೀ ಕೆರೆ?" ಎಂದು ಇಂದಿಗೂ ನಮ್ಮೆಲ್ಲರನ್ನೂ ಕೇಳುತ್ತಲೇ ಇದೆ.