ಕಣಜದ ಗೂಟ

"ಕೇಳ್ರಪ್ಪೋ ಕೇಳ್ರಿ. ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಹಾಕ್ತಾರ. ಮೂರನ್ನೂ ಬಿಡಿಸಿದವರಿಗೆ ಕಣಜದ ಉಸ್ತುವಾರಿ. ಒಂದು ತಪ್ಪಿದರೂ ತಲೆದಂಡ."

ಡಂಗುರದವನು ಹೀಗೆ ಸಾರುತ್ತ ಹೋದ. ಆ ಸೀಮೆಯಲ್ಲಿ ರಾಜರೂ ಇದ್ದರು, ಕಂಪ್ಯೂಟರೂ ಇತ್ತು. ಕತೆ ಎಂದಮೇಲೆ ಎರಡಕ್ಕೂ ಜಾಗ ಸಿಗುತ್ತದೆ. ಕಣಜ ಎಂದರೆ ಜೋಳ ತುಂಬುವ ಕಣಜವಲ್ಲ. ಊರೂರಿನ ಹೊಲ, ಬೆಳೆ, ಹುಟ್ಟು, ಸಾವಿನ ಮಾಹಿತಿಯನ್ನೆಲ್ಲ ಜೋಪಾನ ಮಾಡುವ ಡೇಟಾಬೇಸ್. ಅದನ್ನು ನಡೆಸುವ ಪ್ರೋಗ್ರಾಂನಲ್ಲಿ ಮುಚ್ಚುಮರೆ ಇರಲಿಲ್ಲ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬಿಟ್ಟಿಯಾಗಿ ಒಯ್ಯಬಹುದು. ಜನರೇ ಬರೆದು ಅದಕ್ಕೆ ಜೋಡಿಸಿದ ಕಿರು ಪ್ರೋಗ್ರಾಂಗಳು, ಅಂದರೆ ಎಕ್ಸ್‌ಟೆನ್ಶನ್‌ಗಳು, ನೂರಾರು. ಒಂದು ನಕಾಶೆ ಬಿಡಿಸುತ್ತಿತ್ತು, ಇನ್ನೊಂದು ತಪ್ಪಾಗಿ ಬರೆದ ಹೆಸರನ್ನೂ ಹುಡುಕಿ ಕೊಡುತ್ತಿತ್ತು. ಇವನ್ನೆಲ್ಲ ಕಣಜದ ಜೊತೆಗೇ ಕಟ್ಟಿ ಕೊಡಬೇಕೋ, ಬೇರೆಬೇರೆಯಾಗಿ ಹಂಚಬೇಕೋ ಎಂದು ಆಸ್ಥಾನ ಎರಡು ಹೋಳಾಗಿತ್ತು. ಆ ಜಗಳ ಕೇಳಿ ಕೇಳಿ ರಾಜಕುಮಾರಿಗೆ ಸಾಕಾಗಿತ್ತು.

ಊರೂರು ತಿರುಗಿ ಕಂಪ್ಯೂಟರಿಗೆ ಕಣಜ ಕೂರಿಸಿಕೊಡುವ ಭರಮನಿಗೂ ಡಂಗುರ ಕೇಳಿಸಿತು. ಅವನ ಅಕ್ಕ ಗಂಗವ್ವ 'ಮಳೆಲೆಕ್ಕ' ಎಂಬ ಎಕ್ಸ್‌ಟೆನ್ಶನ್ ಬರೆದಿದ್ದಳು. ಯಾವ ನಕ್ಷತ್ರದ ಮಳೆ ಯಾವತ್ತು ಹುಟ್ಟುತ್ತದೆ, ಹೋದ ವರ್ಷ ಅದು ಎಷ್ಟು ಸುರಿದಿತ್ತು ಎಂದು ಅದು ಹೇಳುತ್ತಿತ್ತು. ಅಕ್ಕ ತೀರಿಕೊಂಡು ಮೂರು ವರ್ಷ. ಪ್ರತಿ ಯುಗಾದಿಗೆ ಕಣಜದ ಹೊಸ ಆವೃತ್ತಿ ಬರುತ್ತಿತ್ತು, ಮಳೆಲೆಕ್ಕ ಕೆಡುತ್ತಿತ್ತು, ಭರಮ ಅಳುಕುತ್ತಲೇ ಅಕ್ಕನ ಬರಹ ತಿದ್ದುತ್ತಿದ್ದ. ಬರೆದವರು ಬದುಕಿಲ್ಲದ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಈ ಸಲ ಕಿತ್ತುಹಾಕುವುದೆಂದು ಪ್ರಧಾನಿ ಹೇಳಿದ್ದ. ಅಕ್ಕನದೆಂದು ಭರಮನಿಗೆ ಉಳಿದದ್ದು ಅದೊಂದೇ. ರೊಟ್ಟಿ ಕಟ್ಟಿಕೊಂಡು ಅರಮನೆಗೆ ನಡೆದ.

ಸಭೆಯಲ್ಲಿ ಅವನ ಜೊತೆ ನಿಂತವರು ಇಬ್ಬರು: ಒಬ್ಬ ದೇಸಾಯರ ಮಗ, ಒಬ್ಬ ಪಂಡಿತ.

"ಮನೆಯೊಳಗೆ ಸಾಕಿದರೆ ವರ್ಷಕ್ಕೊಮ್ಮೆ ಬೆಳೆಯುತ್ತದೆ, ಹೊರಗೆ ಬಿಟ್ಟರೆ ವಾರಕ್ಕೊಮ್ಮೆ. ಏನದು?" ಎಂದಳು ಹೊನ್ನಾಂಬೆ.

"ಕುಂಬಳಬಳ್ಳಿ," ಎಂದ ದೇಸಾಯರ ಮಗ. ಕಾವಲಿನವರು ಅವನ ರಟ್ಟೆ ಹಿಡಿದರು.

"ಎಕ್ಸ್‌ಟೆನ್ಶನ್ ರೀ ತಾಯಿ," ಎಂದ ಭರಮ. ನಾನೂ ಅದನ್ನೇ ಹೇಳುವವನಿದ್ದೆ ಎಂದ ಪಂಡಿತ. ಇರಬಹುದು ಎಂದು ನಕ್ಕ ರಾಜಕುಮಾರಿ ಎರಡನೆಯದಕ್ಕೆ ಪಂಡಿತನನ್ನೇ ಮೊದಲು ಕೇಳಿದಳು.

"ಬಿಟ್ಟಿ ಸಿಗುತ್ತದೆ, ಬಾಗಿಲಿಗೇ ಬರುತ್ತದೆ. ಆದರೂ ಕಾವಲುಗಾರ ಒಳಗೆ ಬಿಡುವುದಿಲ್ಲ."

ಪಂಡಿತನಿಗೆ ಮತ್ತೆ ಎಕ್ಸ್‌ಟೆನ್ಶನ್ನೇ ನೆನಪಾಯಿತು. ಆದರೆ ಒಂದೇ ಉತ್ತರ ಎರಡು ಸಲ ಬರುವುದುಂಟೇ? ಅತಿ ಬುದ್ಧಿ ಓಡಿಸಿ "ಗಾಳಿ" ಎಂದ. ಅವನ ರಟ್ಟೆಯೂ ಕಾವಲಿನವರ ಕೈಗೆ ಹೋಯಿತು.

"ಇದೂ ಅದೇ ರೀ," ಎಂದ ಭರಮ.

"ಮೂರನೆಯದು. ಮನೆಯಲ್ಲೇ ಇರುತ್ತದೆ, ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಬೆರಳಷ್ಟು ಸರಿದರೆ ಊರೂರಲ್ಲಿ ಅಳು."

ಇದು ಎಕ್ಸ್‌ಟೆನ್ಶನ್ ಅಲ್ಲ. ಭರಮನಿಗೆ ಭಯವಾಯಿತು, ಭಯದಲ್ಲಿ ಹೋದ ಯುಗಾದಿ ನೆನಪಾಯಿತು. ದಿನವಿಡೀ ಹುಡುಕಿದರೂ ಅಕ್ಕನ ಬರಹದಲ್ಲಿ ಒಂದು ತಪ್ಪೂ ಸಿಕ್ಕಿರಲಿಲ್ಲ. ಅದನ್ನು ತಗುಲಿಹಾಕುವ ಜಾಗವನ್ನೇ ಹೊಸ ಕಣಜದಲ್ಲಿ ಯಾರೋ ಬದಲಿಸಿದ್ದರು.

"ಗೂಟ ರೀ," ಎಂದ. "ಎಕ್ಸ್‌ಟೆನ್ಶನ್ ತಗುಲಿಹಾಕೋ ಕಣಜದ ಗೂಟ."

"ಬಿಡಿಸಿ ಹೇಳು," ಎಂದಳು ರಾಜಕುಮಾರಿ. ಅವಳ ಮುಖದಲ್ಲಿ ಈಗ ಕುತೂಹಲವಷ್ಟೇ ಇತ್ತು.

"ಎಕ್ಸ್‌ಟೆನ್ಶನ್ನ ಕಣಜದ ಜೋಡಿ ಕಟ್ಟಿದ್ರ ಅದರ ತಪ್ಪು ತಿದ್ದಾಕ ಮುಂದಿನ ಯುಗಾದಿತನಕ ಕಾಯಬೇಕು. ಹೊರಗಿದ್ರ ಬರೆದವರು ಯಾವಾಗ ಬೇಕಾದ್ರೂ ತಿದ್ದತಾರ. ಅದು ಮೊದಲನೇದು. ಆದ್ರ ಹೊರಗಿಂದ ತಂದದ್ದನ್ನ ಊರಿನ ಕಚೇರಿಯವರು ನಂಬೂದಿಲ್ಲ, ಅರಮನೆಯಿಂದ ಬಂದದ್ದಷ್ಟೇ ಹಾಕ್ತಾರ. ಅದು ಎರಡನೇದು. ಒಳಗೋ ಹೊರಗೋ ಅಂತ ನೀವು ಇಲ್ಲಿ ಜಗಳಾಡತೀರಿ, ಅಷ್ಟರಾಗ ಗೂಟ ಯಾರೋ ಸರಿಸಿರತಾರ. ಅಳೋರು ನಾವು."

"ಹಾಗಾದರೆ ಏನು ಮಾಡಬೇಕು?"

"ಎಲ್ಲಾ ಊರಿಗೂ ಬೇಕಾಗೋ ನಾಲ್ಕೈದು ಒಳಗ ಇರಲಿ. ಉಳಿದದ್ದು ಹೊರಗ ಇರಲಿ, ಆದ್ರ ಪರೀಕ್ಷೆ ಮಾಡಿ, ಅರಮನೆ ಮುದ್ರೆ ಒತ್ತಿ, ಒಂದು ಪಟ್ಟಿಯೊಳಗ ಬರೀರಿ. ಗೂಟ ಮಾತ್ರ ವರ್ಷ ಮುಂಚೆ ಹೇಳದ ಸರಿಸಬ್ಯಾಡ್ರಿ."

ಹೊನ್ನಾಂಬೆ ಉಸ್ತುವಾರಿಯ ಉಂಗುರ ಕೊಟ್ಟು ಮತ್ತೇನು ಬೇಕೆಂದು ಕೇಳಿದಳು. ಭರಮ ಹಿಂದೆ ತಿರುಗಿ ನೋಡಿದ. "ಇವರಿಬ್ಬರ ತಲೆ ಇರಲಿ ರೀ. ಪರೀಕ್ಷೆ ಮಾಡಾಕ ಜನ ಬೇಕು."

ಅಂದೇ ಪಟ್ಟಿ ಶುರುವಾಯಿತು. ಮೊದಲ ಸಾಲನ್ನು ರಾಜಕುಮಾರಿಯೇ ಬರೆದಳು: ಮಳೆಲೆಕ್ಕ. ಬರೆದವಳು ಗಂಗವ್ವ, ನೋಡಿಕೊಳ್ಳುವವನು ಭರಮ.

ಯುಗಾದಿಗೆ ಹೊಸ ಕಣಜ ಬಂತು. ಭರಮ ತನ್ನೂರಿಗೆ ಹೋಗಿ ಅದನ್ನು ಕೂರಿಸಿ, ಅಕ್ಕನ ಬರಹದ ಒಂದಕ್ಷರವನ್ನೂ ಮುಟ್ಟದೆ ತಗುಲಿಹಾಕಿದ. ಪರದೆಯ ಮೇಲೆ ಒಂದು ಸಾಲು ಮೂಡಿತು: ಅಶ್ವಿನಿ ಮಳೆ ಹುಟ್ಟಲು ಇನ್ನು ಹನ್ನೆರಡು ದಿನ.

ಮೂರು ವರ್ಷದಲ್ಲಿ ಒಮ್ಮೆಯೂ ಅಳದ ಭರಮ ಅಲ್ಲೇ ಕೂತು ಅತ್ತ. ಆಮೇಲೆ ಮುಖ ಒರೆಸಿಕೊಂಡು, ಬಿತ್ತನೆಗೆ ಅಣಿಯಾಗಿ ಎಂದು ಊರವರಿಗೆ ಹೇಳಲು ಹೊರಟ.