ಮೋನಪ್ಪ ದಮಯಂತಿ ಚಿತ್ರ ನೋಡಿದ್ದು

ಹ್ಞೂಂಗುಟ್ಟಿಕೊಂಡು ಕೇಳಿ, ನಡುವೆ ನಕ್ಕರೆ ನಾನು ಎದ್ದು ಹೋಗೋಳೇ! ಕಾಳಮ್ಮ ಅಂತ ಒಬ್ಬ ತಾಯಿ, ಅವಳಿಗೆ ಮೋನಪ್ಪ ಅಂತ ಒಬ್ಬನೇ ಮಗ. ಶುದ್ಧ ಪೆದ್ದ! ಕಾಳಮ್ಮನ ಅಣ್ಣ ವೀರಾಚಾರಿ ದೊಡ್ಡ ಚಿತ್ರಗಾರ. ಎಣ್ಣೆಬಣ್ಣದಲ್ಲಿ ದಮಯಂತಿ, ಅವಳ ಮುಂದೆ ಹಂಸ, ಆಳೆತ್ತರಕ್ಕೆ ಬರೆದಿದ್ದ. "ಚಿತ್ರ ನೋಡೋಕೆ ಬರದವನಿಗೆ ನನ್ನ ಮಗಳು ವಿಶಾಲೂನ ಕೊಡಲ್ಲ" ಅಂದುಬಿಟ್ಟ. ಪೆದ್ದನಿಗೆ ಬೇರೆ ಯಾರು ಹೆಣ್ಣು ಕೊಡ್ತಾರೆ? ಕಾಳಮ್ಮ ಮಗನನ್ನ ಕರೆದಳು.

"ಹೋಗಪ್ಪ, ಬಣ್ಣ ಎಲ್ಲಿ ತೆಳ್ಳಗಿದೆ, ಎಲ್ಲಿ ದಪ್ಪಗಿದೆ, ನೋಡಿ ಹೊಗಳು" ಅಂದಳು.

ಹೋದ. ಹಂಸದ ಗರಿ ದಪ್ಪಗಿತ್ತು, ಬಣ್ಣ ಇನ್ನೂ ಹಸಿ. ಎಷ್ಟು ದಪ್ಪ ಅಂತ ಬೆರಳು ತೂರಿಸಿದ! ಪಿಚಕ್! ಮಾವ ಮನೆ ತನಕ ಅಟ್ಟಿಸಿಕೊಂಡು ಬಂದ.

"ಅಯ್ಯೋ ಮುಂಡೇದೇ! ಚಿತ್ರಾನ ಕೈಯಲ್ಲಿ ಮುಟ್ಟಬಾರದು ಕಣೋ, ಕಣ್ಣಲ್ಲೇ ಮುಟ್ಟಬೇಕು!" ಅಂತ ಬೈದಳು ತಾಯಿ.

"ಆಗಲಿ ಅವ್ವ."

ಮಾರನೇ ದಿನ ಹೋದ. ಮಾವ ಗರಿ ತಿದ್ದಿ ಇಟ್ಟಿದ್ದ. ಇವನು ಕಣ್ಣು ಅಗಲಿಸಿ ಹಂಸಕ್ಕೆ ಒತ್ತಿದ! ರೆಪ್ಪೆಯೆಲ್ಲ ಬೆಳ್ಳಗೆ ಮಾಡಿಕೊಂಡು, ಉರಿ ಉರಿ ಅಂತ ಕುಣೀತಾ ಮನೆಗೆ ಬಂದ.

"ದೇವರೇ! ದೂರ ನಿಂತು ನೋಡಬೇಕು ಕಣೋ! ಆಗ ತಾನೇ ಬೊಟ್ಟು ಬೊಟ್ಟು ಬಣ್ಣ ಸೇರಿ ಗರಿ ಆಗೋದು!"

"ಆಗಲಿ ಅವ್ವ."

ಈ ಸಲ ಕೆರೆಯ ಆಚೆ ದಂಡೆಗೆ ಹೋಗಿ ನಿಂತ. "ಮಾವಾ, ಚಿತ್ರ ಹಾಗಿರಲಿ, ನಿಮ್ಮ ಮನೇನೇ ಕಾಣಿಸ್ತಾ ಇಲ್ಲ!" ಅಂತ ಕೂಗಿದ. ಊರೆಲ್ಲ ನಕ್ಕಿತು. ವೀರಾಚಾರಿ ಹೇಳಿಕಳಿಸಿದ: "ಬಣ್ಣ ಒಣಗಿದ ಮೇಲೆ ಪಟೇಲರು ಚಿತ್ರ ನೋಡೋಕೆ ಬರ್ತಾರೆ. ಅವತ್ತು ಸರಿ ಹೋಗದಿದ್ರೆ ಹೆಣ್ಣಿನ ಮಾತೇ ಎತ್ತಬೇಡಿ!"

ಕಾಳಮ್ಮ ಅತ್ತೇಬಿಟ್ಟಳು. "ನೀನಾಗಿ ಏನೂ ಮಾಡಬೇಡ ಕಣಪ್ಪ, ದಮ್ಮಯ್ಯ! ಪಟೇಲರ ಮಾತು ಕೇಳಿಸಿಕೋ. ಅವರು ಆಗಲ್ಲ ಅಂದದ್ದನ್ನ ಮುಂದೆ ಬಿದ್ದು ಮಾಡಿಕೊಡು. ಮಾವ ಮೆಚ್ಚುತ್ತಾನೆ."

"ಆಗಲಿ ಅವ್ವ."

ಪಟೇಲರು ಬಂದರು. "ಆಹಾ ಆಚಾರ್ರೇ! ಗರಿಗೆ ಕುಂಚ ಬಿಟ್ಟು ಅಲಗಿನಲ್ಲೇ ಬಣ್ಣ ಮೆತ್ತಿದ್ದೀರಿ! ಸೀರೆಗೆ ನೀರಿನ ಹಾಗೆ ತೆಳ್ಳಗೆ ಬಿಟ್ಟಿದ್ದೀರಿ! ಈ ದಮಯಂತಿ ಮುಖ ಇದೆಯಲ್ಲ, ಕಣ್ಣು ಕೀಳೋಕೇ ಆಗಲ್ಲ!"

"ಯಾಕಾಗಲ್ಲ ಬುದ್ಧೀ!" ಅಂತ ಮೋನಪ್ಪ ಮುಂದೆ ಬಿದ್ದ. ಬಣ್ಣ ಮೆತ್ತೋ ಅಲಗು ತಗೊಂಡ. ಕರಕ್! ಕರಕ್! ದಮಯಂತಿಯ ಎರಡು ಕಣ್ಣೂ ಅಂಗೈಲಿ!

ಅಯ್ಯಯ್ಯೋ! ವಿಶಾಲು ಕಿಟಾರನೆ ಕಿರುಚಿದಳು. ಮಾವ ಅಲಗು ಕಿತ್ತುಕೊಂಡು ಕೂಗಿದ:

"ಹಾಳಾದೋನೇ! ಇನ್ನು ನನ್ನ ಮಗಳ ಮೇಲೆ ಕಣ್ಣು ಹಾಕಬೇಡ!"

ಮೋನಪ್ಪ ಅಂಗೈ ನೋಡಿಕೊಂಡ.

"ಹಾಗಾದರೆ ಇವನ್ನ ಯಾರ ಮೇಲೆ ಹಾಕಲಿ, ಮಾವಾ?"